ಮೂಗಿಗಿಂತ ಮೂಗುತಿ ಭಾರ



2025ರ ಜನವರಿಯಲ್ಲಿ ನಮ್ಮ ಸಂಘದ ವಾಚನಾಲಯಕ್ಕೆಂದು ಕರ್ನಾಟಕದ ಒಂದು ಸಣ್ಣ ಊರಿನ ಪುಸ್ತಕದಂಗಡಿಗೆ ಹನ್ನೆರಡು ಪುಸ್ತಕಗಳ ಪಟ್ಟಿ ಬರೆದು ಕಳುಹಿಸಿದೆವು. ಹಣವನ್ನೂ ಮುಂಗಡವಾಗಿಯೇ ಸಂದಾಯ ಮಾಡಿದೆವು. ವಾರ ಕಳೆಯಿತು; ಪುಸ್ತಕ ಬರಲಿಲ್ಲ. ಅಂಗಡಿಯವರಿಂದ ದೂರವಾಣಿ ಬಂದಿತು. "ಸ್ವಾಮಿ, ಕಟ್ಟು ಐದು ಕಿಲೋಗೆ ಸ್ವಲ್ಪ ಕಡಿಮೆ ಇದೆ. ಹೋದ ತಿಂಗಳವರೆಗೆ 80 ರೂಪಾಯಿಗೆ ಹೋಗುತ್ತಿತ್ತು. ಈಗ 229 ರೂಪಾಯಿ ಕೇಳುತ್ತಿದ್ದಾರೆ. ನಿಮ್ಮಿಂದ ಹೆಚ್ಚಿಗೆ ಕೇಳಲು ನಾಚಿಕೆ. ಕೈಯಿಂದ ಹಾಕಲು ಶಕ್ತಿಯಿಲ್ಲ. ನಿಮ್ಮ ಕಡೆಗೆ ಯಾರಾದರೂ ಬಸ್ಸಿನಲ್ಲಿ ಬರುವವರಿದ್ದರೆ ಅವರ ಕೈಯಲ್ಲಿ ಕೊಟ್ಟು ಕಳಿಸಲೇ?" ಎಂದು ಅವರು ಕೇಳಿದರು.

ಕಡೆಗೆ ಆ ಪುಸ್ತಕಗಳು ಬೀದರದ ಮಾರ್ಗವಾಗಿ, ನಮ್ಮ ಸದಸ್ಯರೊಬ್ಬರ ಜೋಳದ ಚೀಲದ ಪಕ್ಕದಲ್ಲಿ ಕುಳಿತು ಹೈದರಾಬಾದಿಗೆ ಬಂದವು. ಒಂದೂವರೆ ಲಕ್ಷಕ್ಕೂ ಮೀರಿದ ಅಂಚೆ ಕಚೇರಿಗಳುಳ್ಳ ಈ ದೇಶದಲ್ಲಿ, ಹನ್ನೆರಡು ಕನ್ನಡ ಪುಸ್ತಕಗಳನ್ನು ತರಿಸಿಕೊಳ್ಳಲು ಊರಿಗೆ ಹೋಗಿ ಬರುವವರ ದಾರಿ ಕಾಯಬೇಕಾಯಿತು! ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಕತೆಯನ್ನು ಕೇಳಿ ನಾವೆಲ್ಲ ಕೈಮುಗಿಯುತ್ತೇವೆ. ಆದರೆ ಆ ಕಾಲ ಮತ್ತೆ ಬರಲೆಂದು ಯಾರೂ ಹರಕೆ ಹೊತ್ತಿರಲಿಲ್ಲ.

ಆದದ್ದೇನೆಂಬುದನ್ನು ವಾಚಕರು ಸ್ಪಷ್ಟವಾಗಿ ತಿಳಿಯಬೇಕು. 2024ರ ಡಿಸೆಂಬರ್ 18ರಂದು ಅಂಚೆ ಇಲಾಖೆಯು ರಿಜಿಸ್ಟರ್ಡ್ ಬುಕ್‌ಪೋಸ್ಟ್ ಎಂಬ ಸೇವೆಯನ್ನು ತನ್ನ ಕಂಪ್ಯೂಟರಿನಿಂದ ತೆಗೆದುಹಾಕಿತು. ಪ್ರಕಾಶಕರನ್ನು ಕರೆದು ಕೇಳಲಿಲ್ಲ. ಪುಸ್ತಕ ವ್ಯಾಪಾರಿಗಳಿಗೆ ಗಡುವು ಕೊಡಲಿಲ್ಲ. ಮುಂಜಾನೆ ಕಟ್ಟುಗಳನ್ನು ಹೊತ್ತು ಅಂಚೆ ಕಚೇರಿಗೆ ಹೋದವರಿಗೆ "ಆ ಸೇವೆ ಇಲ್ಲ, ಪಾರ್ಸೆಲ್ ಮಾಡಿರಿ" ಎಂಬ ಉತ್ತರ ಸಿಕ್ಕಿತು. ಅಲ್ಲಿಯವರೆಗೆ ದೇಶದ ಯಾವ ಮೂಲೆಗಾದರೂ ಒಂದು ಕಿಲೋ ಪುಸ್ತಕ 32 ರೂಪಾಯಿಗೆ, ಎರಡು ಕಿಲೋ 45 ರೂಪಾಯಿಗೆ, ಐದು ಕಿಲೋ 80 ರೂಪಾಯಿಗೆ ಹೋಗುತ್ತಿತ್ತು. ಅದೇ ಕಟ್ಟನ್ನು ರಿಜಿಸ್ಟರ್ಡ್ ಪಾರ್ಸೆಲ್ ಮಾಡಿದರೆ ಕ್ರಮವಾಗಿ 78, 116, 229 ರೂಪಾಯಿ. ಪುಸ್ತಕ ಅದೇ, ತೂಕ ಅದೇ, ರೈಲು ಅದೇ, ತಂದು ಕೊಡುವ ಅಂಚೆಯಣ್ಣನೂ ಅವನೇ. ಬದಲಾದದ್ದು ಹೆಸರು ಮತ್ತು ದರ!

ಇದು ನೂರೈವತ್ತು ರೂಪಾಯಿಯ ಸಣ್ಣ ಮಾತು, ಇದಕ್ಕೆ ಇಷ್ಟು ಗದ್ದಲವೇಕೆ ಎಂದು ಕೇಳುವವರಿದ್ದಾರೆ. ಅಂಥವರಿಗಾಗಿ ಲೆಕ್ಕ ಹಾಕಿ ತೋರಿಸೋಣ. ಒಂದು ಸಣ್ಣ ಅಂಗಡಿಯವನು 450 ರೂಪಾಯಿ ಬೆಲೆಯ ಮೂರು ಪುಸ್ತಕಗಳನ್ನು ಮಾರುತ್ತಾನೆಂದು ಇಟ್ಟುಕೊಳ್ಳಿ. ಪ್ರಕಾಶಕರಿಂದ ಅವನಿಗೆ ಕಾಲುಭಾಗ ಕಮಿಷನ್ ಸಿಕ್ಕರೆ ಕೈಗೆ ಬರುವುದು 112 ರೂಪಾಯಿ ಚಿಲ್ಲರೆ. ಅದರಲ್ಲಿ 32 ರೂಪಾಯಿ ಅಂಚೆಗೆ ಹೋದರೆ 80 ರೂಪಾಯಿ ಉಳಿಯುತ್ತಿತ್ತು. 78 ರೂಪಾಯಿ ಹೋದರೆ ಉಳಿಯುವುದು 34. ಈ 34ರಲ್ಲಿ ಅಂಗಡಿಯ ಬಾಡಿಗೆ, ದೀಪದ ಬಿಲ್ಲು, ಕಟ್ಟುವ ಹುಡುಗನ ಸಂಬಳ, ರಟ್ಟು, ದಾರ, ಕೊನೆಗೆ ಅವನ ಮನೆಯ ಒಲೆ! ಬೇಡವೆಂದು ಗಿರಾಕಿಯಿಂದಲೇ ಅಂಚೆವೆಚ್ಚ ಕೇಳಿದನೆನ್ನಿ. 150 ರೂಪಾಯಿಯ ಒಂದು ಕಥಾಸಂಕಲನ ಬೇಕೆಂದು ಬರೆದ ಓದುಗ, ಪುಸ್ತಕದ ಬೆಲೆಯ ಗಣನೀಯ ಭಾಗವನ್ನು ಸಾಗಣೆಗೇ ತೆರಬೇಕೆಂದು ತಿಳಿದೊಡನೆ ಹಿಂದೆ ಸರಿಯುತ್ತಾನೆ. ಮೂಗಿಗಿಂತ ಮೂಗುತಿ ಭಾರವಾದರೆ ಮೂಗುತಿ ಇಡುವವರು ಯಾರು?

ಅದೇ ಹೊತ್ತಿಗೆ ಆ ಓದುಗನ ಕೈಯಲ್ಲಿರುವ ಮೊಬೈಲಿನಲ್ಲಿ ದೊಡ್ಡ ಆನ್‌ಲೈನ್ ಕಂಪನಿಯೊಂದು "ಸಾಗಣೆ ಉಚಿತ" ಎಂದು ಕೂಗುತ್ತಿರುತ್ತದೆ. ಉಚಿತವೆಂಬುದು ಜಗತ್ತಿನಲ್ಲಿ ಇಲ್ಲವೆಂದು ದುಡಿದು ತಿನ್ನುವ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಆ ಕಂಪನಿಗಳು ನಗರಗಳ ಹೊರವಲಯದಲ್ಲಿ ತಮ್ಮವೇ ಗೋದಾಮುಗಳನ್ನು ಕಟ್ಟಿಕೊಂಡಿವೆ; ತಮ್ಮವೇ ಸಾಗಣೆ ವ್ಯವಸ್ಥೆಯನ್ನು ಹೊಂದಿವೆ. ಪುಸ್ತಕದಲ್ಲಿ ಆದ ನಷ್ಟವನ್ನು ಮಿಕ್ಸಿಯಲ್ಲಿ, ಮೊಬೈಲಿನಲ್ಲಿ, ಚಪ್ಪಲಿಯಲ್ಲಿ ತುಂಬಿಕೊಳ್ಳಬಲ್ಲವು. ಬಿಸಿಲಲ್ಲಿ ಬೈಕಿನ ಮೇಲೆ ಓಡಾಡಿ, ಕಟ್ಟೊಂದಕ್ಕೆ ಇಷ್ಟೆಂದು ಕೂಲಿ ಪಡೆಯುವ ಹುಡುಗರ ಬೆವರೂ ಆ "ಉಚಿತ"ದ ಒಳಗೆ ಸೇರಿದೆ. ಪುಸ್ತಕವನ್ನೇ ನಂಬಿ ಬದುಕುವ ಅಂಗಡಿಯವನು ನಷ್ಟವನ್ನು ಯಾವುದರಲ್ಲಿ ತುಂಬಿಕೊಳ್ಳಬೇಕು?

ಅವನಿಗೆ ಆ ಕಂಪನಿಯೊಡನೆ ಸರಿಸಮನಾಗಿ ನಿಲ್ಲಬಹುದಾದ ಒಂದೇ ಒಂದು ಜಾಗವಿತ್ತು. ಅದು ಅಂಚೆ ಕಚೇರಿಯ ಕಿಂಡಿ. ಅಲ್ಲಿ ಬಂಡವಾಳದ ಹಮ್ಮು ನಡೆಯುತ್ತಿರಲಿಲ್ಲ. ಹೆಗ್ಗೋಡಿನಿಂದ ಹೈದರಾಬಾದಿಗೂ, ಬೆಂಗಳೂರಿನಿಂದ ಮೈಸೂರಿಗೂ ಒಂದೇ ದರ. ಒಂದು ಪುಸ್ತಕ ಕಳುಹಿಸುವವನಿಗೂ ನೂರು ಕಳುಹಿಸುವವನಿಗೂ ತೂಕಕ್ಕೆ ತಕ್ಕಂತೆ ಒಂದೇ ನ್ಯಾಯ. ಈ ಕಿಂಡಿಯನ್ನು ಮುಚ್ಚಿದರೆ ಆನ್‌ಲೈನ್ ಮಾರುಕಟ್ಟೆ ಎಲ್ಲರಿಗೂ ತೆರೆದಿದೆ ಎನ್ನುವುದು ಬರಿಯ ಬಾಯುಪಚಾರವಾಗುತ್ತದೆ. ಅಂಗಡಿಯವನು ವಾಟ್ಸಾಪಿನಲ್ಲಿ ಪಟ್ಟಿ ಹಾಕಬಹುದು, ಫೋನಿನಲ್ಲೇ ಹಣ ಪಡೆಯಬಹುದು. ಪುಸ್ತಕ ಮಾತ್ರ ತಂತಿಯೊಳಗೆ ಹರಿದು ಬರುವುದಿಲ್ಲವಲ್ಲ!

ಇಲ್ಲಿ ಇಲಾಖೆಯ ಪರವಾಗಿ ಒಂದು ಮಾತು ಕೇಳಿಬರುತ್ತದೆ: ಅಂಚೆ ಇಲಾಖೆ ಸಾವಿರಾರು ಕೋಟಿ ರೂಪಾಯಿ ಕೊರತೆಯಲ್ಲಿ ನಡೆಯುತ್ತಿದೆ, ಅಗ್ಗದ ದರಗಳನ್ನು ಎಷ್ಟುದಿನ ಹೊರಬೇಕು ಎಂದು. ಕೊರತೆ ಇರುವುದು ನಿಜ. ಆದರೆ ಹಳ್ಳಿಹಳ್ಳಿಗೂ ದಿನವೂ ಅಂಚೆ ಚೀಲ ಹೋಗಲೇಬೇಕು. ಅದರಲ್ಲಿ ಪುಸ್ತಕವಿದ್ದರೂ ಹೋಗುತ್ತದೆ, ಇಲ್ಲದಿದ್ದರೂ ಹೋಗುತ್ತದೆ. ಪತ್ರಗಳು ಕಡಿಮೆಯಾದ ಈ ಕಾಲದಲ್ಲಿ ತಾನಾಗಿ ಬರುತ್ತಿದ್ದ ಕಟ್ಟುಗಳನ್ನು ದರದ ಕೋಲಿನಿಂದ ಹೊಡೆದಟ್ಟಿದರೆ ಕೊರತೆ ಹೇಗೆ ತುಂಬೀತು? 229 ರೂಪಾಯಿ ಕೇಳಿದ ನಮ್ಮ ಕಟ್ಟಿನಿಂದ ಇಲಾಖೆಗೆ ದೊರೆತದ್ದು ಸೊನ್ನೆ. 80 ಕೇಳಿದ್ದರೆ 80 ಸಿಕ್ಕುತ್ತಿತ್ತು. ಈ ಮಾತನ್ನು ಹೇಳುವಾಗ ಕಿಂಡಿಯ ಹಿಂದೆ ಕುಳಿತ ನೌಕರನ ಮೇಲಾಗಲಿ, ಮಳೆಬಿಸಿಲೆನ್ನದೆ ತಿರುಗುವ ಗ್ರಾಮೀಣ ಡಾಕ್ ಸೇವಕನ ಮೇಲಾಗಲಿ ನಮಗೆ ಎಳ್ಳಷ್ಟೂ ಕೋಪವಿಲ್ಲ. ಅವರೂ ನಮ್ಮಂತೆಯೇ ದುಡಿಯುವವರು. ನಮ್ಮ ಜಗಳ ದರ ಬರೆಯುವ ಮೇಜಿನೊಡನೆ.

ಪ್ರಕಾಶಕರು, ಓದುಗರು ದನಿಯೆತ್ತಿದ ಮೇಲೆ 2025ರ ಮೇ 1ರಿಂದ ಇಲಾಖೆಯು "ಜ್ಞಾನ ಪೋಸ್ಟ್" ಎಂಬ ಹೊಸ ಸೇವೆಯನ್ನು ತೆರೆಯಿತು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ ಎಂದು ದರ ಗೊತ್ತುಮಾಡಿತು. ಕಟ್ಟು ಎಲ್ಲಿದೆಯೆಂದು ನೋಡಿಕೊಳ್ಳುವ ಅನುಕೂಲವನ್ನೂ ಕಲ್ಪಿಸಿತು. ಒಳ್ಳೆಯದನ್ನು ಒಳ್ಳೆಯದೆನ್ನುವುದರಲ್ಲಿ ನಮಗೆ ಸಂಕೋಚವಿಲ್ಲ. ನಾಲ್ಕು ತಿಂಗಳ ಬಳಿಕವಾದರೂ ತಪ್ಪನ್ನು ತಿದ್ದಿಕೊಂಡದ್ದಕ್ಕೆ ನಮ್ಮ ಸ್ವಾಗತವುಂಟು. ಆದರೆ ಸ್ವಾಗತ ಹೇಳಿ ಚಾಪೆ ಮಡಿಚಿ ಮನೆಗೆ ಹೋಗುವ ಹೊತ್ತು ಇನ್ನೂ ಬಂದಿಲ್ಲ. ಏಕೆಂದರೆ ಈ ಸೇವೆಯೊಳಗೇ ಮೂರು ಮುಳ್ಳುಗಳಿವೆ.

ಮೊದಲನೆಯದು ತೆರಿಗೆ. ಈ ದರಗಳ ಮೇಲೆ ತೆರಿಗೆ ಬೇರೆ. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ. 2022ರ ಜುಲೈ 18ರಿಂದ ಅಂಚೆಯ ಅನೇಕ ಸೇವೆಗಳಿಗೆ ಆ ತೆರಿಗೆಯನ್ನು ಹಬ್ಬಿಸಿದಾಗಲೂ ಪೋಸ್ಟ್‌ಕಾರ್ಡು, ಇನ್‌ಲ್ಯಾಂಡ್ ಪತ್ರಗಳ ಜೊತೆಗೆ ಬುಕ್‌ಪೋಸ್ಟನ್ನೂ ಕೈಬಿಟ್ಟಿದ್ದರು. ಹಳೆಯ ಹೆಸರಿಗಿದ್ದ ಆ ಕರುಣೆ ಹೊಸ ಹೆಸರಿಗೆ ಏಕಿಲ್ಲ? ಪುಸ್ತಕಕ್ಕೆ ತೆರಿಗೆಯಿಲ್ಲವೆಂದು ಹೇಳಿ ಅದರ ದಾರಿಗೆ ತೆರಿಗೆ ಹಾಕುವುದು, ಊಟ ಪುಕ್ಕಟೆಯೆಂದು ಕರೆದು ಎಲೆಗೆ ದುಡ್ಡು ಕೇಳಿದಂತೆ.

ಎರಡನೆಯದು ನಿಬಂಧನೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಈ ಸೇವೆ ಸಲ್ಲುತ್ತದೆ. ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೂ ಕಾಲಕಾಲಕ್ಕೆ ಹೊರಡುವ ಪತ್ರಿಕೆಗಳಿಗೂ ಸಲ್ಲದು. ಹಾಗಾದರೆ ಒಂದು ಪತ್ತೇದಾರಿ ಕಾದಂಬರಿ ಯಾವ ಪಂಗಡಕ್ಕೆ ಸೇರಿತು? ಅಡುಗೆಯ ಪುಸ್ತಕ? ಪ್ರೇಮಕವಿತೆ? ಹಾಸ್ಯಪ್ರಬಂಧ? ಇದನ್ನು ತೀರ್ಮಾನಿಸುವವರು ಕಿಂಡಿಯಲ್ಲಿ ಕುಳಿತ ಗುಮಾಸ್ತರು. ಒಂದು ಕಚೇರಿಯಲ್ಲಿ ನಡೆದದ್ದು ಪಕ್ಕದ ಕಚೇರಿಯಲ್ಲಿ ನಡೆಯದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇಲ್ಲಿ ಪೂಜಾರಿಯನ್ನು ಬೈದು ಫಲವಿಲ್ಲ. ಅವನ ಕೈಗೆ ಇಂಥ ಗೊಂದಲದ ಕಟ್ಟಳೆ ಕೊಟ್ಟವರನ್ನು ಕೇಳಬೇಕು. ಇನ್ನು ನಮ್ಮ ಸಣ್ಣ ಸಾಹಿತ್ಯ ಪತ್ರಿಕೆಗಳ ಪಾಡು ಹೇಳತೀರದು. ಮೂರು ತಿಂಗಳಿಗೊಮ್ಮೆ ಕೈಯಿಂದ ಹಣ ಹಾಕಿ ಹೊರತರುವ ನೂರು ಪುಟದ ಸಂಚಿಕೆ, ನಿಯತಕಾಲಿಕವೆಂಬ ಒಂದೇ ಕಾರಣಕ್ಕೆ ಬಾಗಿಲ ಹೊರಗೆ ನಿಲ್ಲುತ್ತದೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಈ ದರಕ್ಕೆ ನೆಲೆಯೇನು? 1898ರ ಅಂಚೆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಪತ್ರ, ಕಾರ್ಡು, ಪತ್ರಿಕೆಗಳ ಸಾಲಿನಲ್ಲಿ ಪುಸ್ತಕದ ಕಟ್ಟಿಗೂ ತನ್ನದೇ ಸಾಲಿತ್ತು. ಪರದೇಶೀ ಸರ್ಕಾರವೇ ಮಾಡಿದ ಕಾಯಿದೆಯಾದರೂ ಪುಸ್ತಕವೆಂಬುದು ಬೇರೆ ಸರಕು ಎಂಬುದನ್ನು ಅದು ಬರೆದಿಟ್ಟಿತ್ತು. 2023ರ ಹೊಸ ಕಾಯಿದೆ 2024ರ ಜೂನ್ 18ರಿಂದ ಜಾರಿಗೆ ಬಂದು ಅದನ್ನು ರದ್ದುಮಾಡಿತು. ಈಗ ಸೇವೆಯ ದರವನ್ನು ಗೊತ್ತುಮಾಡುವ ಅಧಿಕಾರ ಇಲಾಖೆಯ ಮಹಾನಿರ್ದೇಶಕರದು. ಆರೇ ತಿಂಗಳಲ್ಲಿ ಬುಕ್‌ಪೋಸ್ಟು ಮಾಯವಾದದ್ದನ್ನು ಕಂಡೆವು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಪ್ರತ್ಯೇಕ ಸೇವೆಯಾಗಿ ಉಳಿಯದೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಜ್ಞಾನ ಪೋಸ್ಟನ್ನು ಒಂದು ಆದೇಶ ತಂದಿತು. ಇನ್ನೊಂದು ಆದೇಶ ಒಯ್ಯಲಾರದೆಂದು ಯಾರು ಹೇಳಬಲ್ಲರು? ದಾನವಾಗಿ ಬಂದದ್ದು ದಾನಿಯ ಮನಸ್ಸು ಕೆಟ್ಟ ದಿನ ಹೋಗುತ್ತದೆ. ಹಕ್ಕಾಗಿ ಬಂದದ್ದು ಮಾತ್ರ ನಿಲ್ಲುತ್ತದೆ. ಸಂಬಳ, ರಜೆ, ಭವಿಷ್ಯನಿಧಿಗಳ ವಿಷಯದಲ್ಲಿ ಈ ಪಾಠವನ್ನು ಕಲಿತವರು ನಾವು; ಪುಸ್ತಕದ ವಿಷಯದಲ್ಲಿ ಮರೆಯಬಾರದು.

ಈ ವಿಷಯದಲ್ಲಿ ಹೈದರಾಬಾದಿನ ಕನ್ನಡಿಗರಿಗೆ ಇಷ್ಟು ಕಳಕಳಿಯೇಕೆ? ಹಿಂದಿನದನ್ನು ಸ್ವಲ್ಪ ನೆನೆಯಬೇಕು. ನಿಜಾಮರ ಸಂಸ್ಥಾನಕ್ಕೆ ತನ್ನದೇ ಅಂಚೆಯಿತ್ತು, ತನ್ನದೇ ಅಂಚೆಚೀಟಿಯಿತ್ತು. 1950ರಲ್ಲಿ ಅದು ಭಾರತದ ಅಂಚೆಯಲ್ಲಿ ಸೇರಿತು. ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡಿಗರು ಆ ಸಂಸ್ಥಾನದೊಳಗಿದ್ದರು. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಮೈಸೂರು ಬೇರೊಂದು ಸಂಸ್ಥಾನದಲ್ಲಿ. ಉರ್ದುವೇ ಆಡಳಿತ ಭಾಷೆಯಾಗಿದ್ದ ನಾಡಿನಲ್ಲಿ ಕನ್ನಡ ಪುಸ್ತಕವೆಂದರೆ ಗಡಿ ದಾಟಿ ಬರಬೇಕಾದ ಅತಿಥಿ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಕನ್ನಡ ನಾಡನ್ನು ಸೇರಿದವು. ಉದ್ಯೋಗಕ್ಕೆಂದು ಇಲ್ಲೇ ಉಳಿದವರಿಗೂ, ಅನಂತರ ಬಂದ ನಮಗೂ ಅತಿಥಿಯ ದಾರಿ ನೋಡುವುದು ತಪ್ಪಲಿಲ್ಲ. ಭಾನುವಾರ ಅಬಿಡ್ಸಿನ ಕಾಲುದಾರಿಯಲ್ಲಿ, ಕೋಠಿಯ ಹಳೆಯ ಪುಸ್ತಕದ ಸಾಲಿನಲ್ಲಿ ಇಂಗ್ಲಿಷ್, ತೆಲುಗು, ಹಿಂದಿ, ಉರ್ದು ಪುಸ್ತಕಗಳು ರಾಶಿರಾಶಿ ಬಿದ್ದಿರುತ್ತವೆ. ಕನ್ನಡ ಪುಸ್ತಕ ಬೇಕೆಂದರೆ ನಾವು ಕಾಯುವುದು ಅಂಚೆಯಣ್ಣನನ್ನೇ. ಲಾಲಾಗುಡದ ರೈಲ್ವೆ ಕಾರ್ಯಾಗಾರದವರಾಗಲಿ, ರಾಮಚಂದ್ರಪುರದ ಬಿ.ಎಚ್.ಇ.ಎಲ್.ನವರಾಗಲಿ, ಉಡುಪಿ ಹೋಟೆಲುಗಳಲ್ಲಿ ದುಡಿಯುವವರಾಗಲಿ, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಬೇಕೆಂದರೆ ಮೊದಲು ಬೇಕಾದದ್ದು ಒಂದು ಚಿತ್ರದ ಪುಸ್ತಕ. ಅದರ ಸಾಗಣೆ ದುಬಾರಿಯಾದ ದಿನ ಆ ಮನೆಯಲ್ಲಿ ಕನ್ನಡ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ.

ಕನ್ನಡ ಪ್ರಕಾಶನವೇ ಅಂಚೆಯ ಹೆಗಲ ಮೇಲೆ ಬೆಳೆದದ್ದು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತಿತು. 1957ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡೆಂಬ ಹಳ್ಳಿಯಲ್ಲಿ ಅಕ್ಷರ ಪ್ರಕಾಶನವನ್ನು ಕಟ್ಟಿದರು. ಮಲೆನಾಡಿನ ಹಳ್ಳಿಯಲ್ಲಿ ಕುಳಿತು ಪುಸ್ತಕ ಪ್ರಕಟಿಸಿ ನಾಡಿಗೆಲ್ಲ ಹಂಚಲು ಸಾಧ್ಯವಾಗಬೇಕಾದರೆ ಆ ಹಳ್ಳಿಗೊಂದು ಅಂಚೆ ಕಚೇರಿ, ಆ ಕಚೇರಿಗೊಂದು ಕೈಗೆಟುಕುವ ದರ ಇರಲೇಬೇಕು. ರಾಜಧಾನಿಯಲ್ಲಿ ದೊಡ್ಡ ಮಳಿಗೆ ಇಲ್ಲದವನೂ ಪ್ರಕಾಶಕನಾಗಬಹುದೆಂಬ ಧೈರ್ಯ ಬಂದದ್ದು ಅಂಚೆಯಿಂದ.

ಇದು ಕನ್ನಡಕ್ಕೊಂದೇ ಬಂದ ಕಷ್ಟವೂ ಅಲ್ಲ. ಇದೇ ಊರಿನಲ್ಲಿ 1980ರಿಂದ ಕಡಿಮೆ ಬೆಲೆಯ ತೆಲುಗು ಪುಸ್ತಕಗಳನ್ನು ಹೊರತರುತ್ತಿರುವ ಹೈದರಾಬಾದ್ ಬುಕ್ ಟ್ರಸ್ಟಿನಂಥ ಸಂಸ್ಥೆಗಳಿಗೂ, ಕಾಚಿಗುಡದ ತೆಲುಗು ಪುಸ್ತಕದಂಗಡಿಗಳಿಗೂ ಅಂಚೆಯ ದರ ಇದೇ. ಆದುದರಿಂದ ಈ ಕೂಗು ತೆಲುಗು ಬಂಧುಗಳೊಡನೆ ಸೇರಿ ಹಾಕಬೇಕಾದ ಕೂಗು.

ಹೊರದೇಶಗಳತ್ತ ನೋಡಿದರೆ ದಾರಿ ಇಲ್ಲದೇ ಇಲ್ಲ. ಅಮೆರಿಕದಲ್ಲಿ 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಪುಸ್ತಕಗಳಿಗೆ ಪೌಂಡಿಗೆ ಒಂದೂವರೆ ಸೆಂಟಿನ ಅಂಚೆದರ ಘೋಷಿಸಿದರು; ಆ ಪರಂಪರೆ ಇಂದಿಗೂ "ಮೀಡಿಯಾ ಮೇಲ್" ಎಂಬ ಹೆಸರಿನಲ್ಲಿ ನಡೆದಿದೆ. ಬಂಡವಾಳದ ತವರೂರಿಗೇ ಅದು ಭಾರವಾಗಲಿಲ್ಲ! ಫ್ರಾನ್ಸಿನವರು ಇನ್ನೂ ಮುಂದೆ ಹೋದರು. ಪುಸ್ತಕಕ್ಕೆ ರಿಯಾಯಿತಿಯನ್ನೂ ಉಚಿತ ಸಾಗಣೆಯನ್ನೂ ಒಟ್ಟಿಗೆ ಕೊಡಬಾರದೆಂದು 2014ರಲ್ಲಿ ಕಾನೂನು ಮಾಡಿದರು. ಅಮೆಜಾನ್ ಕಂಪನಿ ಅದಕ್ಕೆ ಉತ್ತರವಾಗಿ ಸಾಗಣೆಗೆ ಒಂದು ಸೆಂಟು, ಅಂದರೆ ಯೂರೋದ ನೂರನೆಯ ಒಂದು ಪಾಲು, ವಿಧಿಸಿ ನಕ್ಕಿತು. ಅಲ್ಲಿನ ಸಂಸತ್ತು ಸುಮ್ಮನಾಗಲಿಲ್ಲ. 2021ರಲ್ಲಿ ಮತ್ತೊಂದು ಕಾನೂನು ತಂದು, 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆಯ ಪುಸ್ತಕ ಬೇಡಿಕೆಗೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ವಿಧಿಸಲೇಬೇಕೆಂದಿತು. ದೊಡ್ಡವನ ವೆಚ್ಚವನ್ನು ಏರಿಸುವ ಅವರ ಮಾರ್ಗ ನಮ್ಮ ಬಡ ಓದುಗನಿಗೆ ಹೊಂದದು. ನಾವು ಕೇಳುವುದು ಸಣ್ಣವನ ವೆಚ್ಚವನ್ನು ಇಳಿಸಿರೆಂದು. ಆದರೆ ಪುಸ್ತಕದಂಗಡಿ ಉಳಿಯಬೇಕೆಂಬ ಮನಸ್ಸು ಸರ್ಕಾರಕ್ಕಿದ್ದರೆ ಕಾನೂನಿಗೆ ಕೈಕಾಲು ಬರುತ್ತದೆಂಬುದನ್ನು ಅವರಿಂದ ಕಲಿಯಬಹುದು.

ಆದುದರಿಂದ ನಾವು ಒತ್ತಾಯಿಸುವುದು ಇಷ್ಟು. ಪುಸ್ತಕದ ಅಂಚೆದರವನ್ನು ಇಲಾಖೆಯ ಇಚ್ಛೆಗೆ ಬಿಡದೆ ಕಾಯಿದೆಯಲ್ಲಿಯೇ ಅದಕ್ಕೆ ಜಾಗ ಕೊಡಬೇಕು. ಬದಲಾಯಿಸಬೇಕಾದರೆ ಆರು ತಿಂಗಳ ಮುಂಚಿತ ಪ್ರಕಟಣೆ ಇರಬೇಕು. ಅಚ್ಚಾದ ಪುಸ್ತಕ ಯಾವುದೇ ಇರಲಿ, ಕಥೆಯಿರಲಿ ಕಾವ್ಯವಿರಲಿ, ಮಾರಾಟಕ್ಕೆ ಹೋಗುತ್ತಿರಲಿ ಉಡುಗೊರೆಯಾಗಿ ಹೋಗುತ್ತಿರಲಿ, ಅದಕ್ಕೆ ಈ ದರ ಸಲ್ಲಬೇಕು. ಸಾಹಿತ್ಯ ಪತ್ರಿಕೆಗಳನ್ನೂ ಒಳಗೆ ಬಿಡಬೇಕು. ಇದರ ಮೇಲಿನ ತೆರಿಗೆಯನ್ನು ತೆಗೆಯಬೇಕು. ಹತ್ತು ಕಟ್ಟು ಇರುವ ಸಣ್ಣ ಅಂಗಡಿಯಿಂದಲೂ ಅಂಚೆಯವರೇ ಬಂದು ಕಟ್ಟುಗಳನ್ನು ಒಯ್ಯುವ ವ್ಯವಸ್ಥೆಯಾಗಬೇಕು. ಅಂಚೆ ಕೇಂದ್ರದ ವಿಷಯವೆಂದು ಕರ್ನಾಟಕ ಸರ್ಕಾರವೂ ಕೈತೊಳೆದುಕೊಳ್ಳಬಾರದು. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಜನರಿಂದ ಗ್ರಂಥಾಲಯ ಕರ ಎತ್ತುವ ಸರ್ಕಾರ, ಹೊರನಾಡಿನ ಕನ್ನಡಿಗರಿಗೆ ಪುಸ್ತಕ ಕಳುಹಿಸುವ ಅಂಗಡಿಗಳ ಅಂಚೆವೆಚ್ಚದಲ್ಲಿ ಪಾಲು ಹೊರಬಾರದೇಕೆ? ನವೆಂಬರಿನ ಒಂದು ಉತ್ಸವದ ಚಪ್ಪರದ ಖರ್ಚನ್ನು ಇದಕ್ಕೆ ತಿರುಗಿಸಿದರೂ ಎಷ್ಟೋ ಮನೆಗಳಿಗೆ ಪುಸ್ತಕ ಮುಟ್ಟೀತು.

ಕೊನೆಗೆ ನಮ್ಮನ್ನು ನಾವೇ ಕೇಳಿಕೊಳ್ಳುವ ಮಾತೊಂದಿದೆ. ಸರ್ಕಾರವನ್ನು ಬೈಯುತ್ತ, ಇಪ್ಪತ್ತು ರೂಪಾಯಿ ಉಳಿಯಿತೆಂದು ಅದೇ ದೊಡ್ಡ ಕಂಪನಿಯಿಂದ ತರಿಸಿಕೊಂಡರೆ ನಮ್ಮ ಮಾತಿಗೆ ಬೆಲೆ ಬಂದೀತೇ? ಒಬ್ಬೊಬ್ಬರೇ ತರಿಸಿದರೆ ಅಂಚೆವೆಚ್ಚ ಭಾರ. ಹತ್ತು ಮನೆಯವರು ಕೂಡಿ ಐದು ಕಿಲೋ ಕಟ್ಟು ತರಿಸಿದರೆ ಜ್ಞಾನ ಪೋಸ್ಟಿನ ದರದಲ್ಲಿ ತಲೆಗೆ ಹತ್ತು ರೂಪಾಯಿ, ಮೇಲೆ ಅಷ್ಟಿಷ್ಟು ತೆರಿಗೆ. ಇನ್ನು ಮುಂದೆ ಪ್ರತಿ ತಿಂಗಳ ಮೊದಲ ಭಾನುವಾರ ಸಂಘದ ವಾಚನಾಲಯದಲ್ಲಿ ಸದಸ್ಯರ ಬೇಡಿಕೆಗಳನ್ನು ಒಂದೇ ಪಟ್ಟಿ ಮಾಡಿ, ನೇರವಾಗಿ ಸಣ್ಣ ಅಂಗಡಿಗಳಿಗೆ ಬರೆಯುವುದೆಂದು ನಿಶ್ಚಯಿಸಿದ್ದೇವೆ. ಅದೇ ದಿನ ಒಬ್ಬೊಬ್ಬರೂ ಒಂದೊಂದು ಪೋಸ್ಟ್‌ಕಾರ್ಡು ತನ್ನಿ. ಮೇಲೆ ಹೇಳಿದ ಬೇಡಿಕೆಗಳನ್ನು ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲಿಯೇ ಬರೆದು ಸಂಪರ್ಕ ಸಚಿವರಿಗೆ ಕಳುಹಿಸೋಣ. ಅಂಚೆಯ ವಿಷಯದ ದೂರು ಅಂಚೆಯಲ್ಲಿಯೇ ಹೋಗಲಿ. ಪುಸ್ತಕದ ಕಟ್ಟು ಜೋಳದ ಚೀಲದ ಪಕ್ಕದಲ್ಲಿ ಅಡಗಿ ಬರುವ ಗತಿ ನಮ್ಮ ಮಕ್ಕಳ ಕಾಲಕ್ಕಾದರೂ ಇರಬಾರದು.